ಸೈನಿಕನ ಬೆನ್ನಿಗೆ ಹೊಂದಬೇಕಾದ ಯಂತ್ರ

ಸಮರಾಭ್ಯಾಸ ಎಂದೊಡನೆ ಟ್ಯಾಂಕು, ಹೆಲಿಕಾಪ್ಟರು, ಗುಂಡಿನ ಸದ್ದು ನೆನಪಾಗುತ್ತವೆ. ಕಾಲಾಳು ಸೈನಿಕನಿಗೆ ಅದು ಶುರುವಾಗುವುದು ಹೊರಡುವ ಮುಂಚಿನ ದಿನಗಳಲ್ಲಿ, ಬ್ಯಾರಕ್ಕಿನ ನೆಲದ ಮೇಲೆ. ಅಮೆರಿಕದ ಸೇನೆಯಲ್ಲಿ ಸಾಮಾನು ಹರಡಿ ತೋರಿಸುವುದು ಕಡ್ಡಾಯದ ವಿಧಿ. ಹೆಲ್ಮೆಟ್, ಗುಂಡು ತಡೆಯುವ ಕವಚ, ಮ್ಯಾಗಜಿನ್ ಪೌಚುಗಳು, ಮಲಗುಚೀಲ, ಮಳೆಯಂಗಿ, ನೀರಿನ ಚೀಲ, ಪ್ರಥಮ ಚಿಕಿತ್ಸೆಯ ಪೊಟ್ಟಣ, ಜೋಡಿ ಜೋಡಿ ಕಾಲುಚೀಲ ಎಲ್ಲವನ್ನೂ ಸಾಲಾಗಿ ಹರಡಿರುತ್ತಾರೆ. ಸಾರ್ಜೆಂಟ್ ಪಟ್ಟಿ ನೋಡಿ ಒಂದೊಂದೇ ಹೆಸರು ಕೂಗುತ್ತಾರೆ, ಸೈನಿಕ ಆ ವಸ್ತುವನ್ನು ಎತ್ತಿ ತೋರಿಸುತ್ತಾನೆ.

ಎಲ್ಲ ಇದೆಯೇ ಎಂದು ಎಣಿಸುವುದು ಸುಲಭ. ಎಣಿಸಿದ್ದನ್ನು ಮೈಗೆ ಹೊಂದಿಸುವುದು ಕಷ್ಟ, ಮತ್ತು ವಿಜ್ಞಾನ ಇರುವುದು ಅಲ್ಲಿ. ತುಂಬಿದ ಬೆನ್ನುಚೀಲವನ್ನು ನಾನು ಯಂತ್ರವೆಂದೇ ಕರೆಯುತ್ತೇನೆ. ಅದಕ್ಕೆ ಚೌಕಟ್ಟಿದೆ, ಎಳೆಯುವ ಪಟ್ಟಿಗಳಿವೆ, ಭಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ವ್ಯವಸ್ಥೆಯಿದೆ. ಉಳಿದರ್ಧ ಭಾಗ ಹೊತ್ತವನ ಮೂಳೆ, ಸ್ನಾಯು, ಚರ್ಮ. ಎರಡೂ ಕೂಡಿಬಂದರೆ ಮಾತ್ರ ಅದು ನಡೆಯುತ್ತದೆ.

ಮೊದಲು ತೂಕದ ಮಾತು. ಕಾಲ್ನಡಿಗೆಯ ಕವಾಯತಿಗೆಂದು ಅಮೆರಿಕದ ಸೇನೆ 1990ರಲ್ಲಿ ಹೊರತಂದ ಕೈಪಿಡಿ ಕಾದಾಡುವಾಗಿನ ಹೊರೆಗೆ ಸುಮಾರು 22 ಕೆ.ಜಿ., ರಣರಂಗದತ್ತ ನಡೆಯುವಾಗಿನ ಹೊರೆಗೆ ಸುಮಾರು 33 ಕೆ.ಜಿ. ಮಿತಿ ಹೇಳಿತ್ತು. 2003ರಲ್ಲಿ ಅಫ್ಘಾನಿಸ್ತಾನದಲ್ಲಿ ಸೈನಿಕರನ್ನು ನಿಜಕ್ಕೂ ತಕ್ಕಡಿಗೆ ನಿಲ್ಲಿಸಿ ನೋಡಿದಾಗ ಸರಾಸರಿ ಕ್ರಮವಾಗಿ ಸುಮಾರು 29 ಕೆ.ಜಿ. ಮತ್ತು 45 ಕೆ.ಜಿ. ಬಂತು. ಕವಚ, ರೇಡಿಯೊ, ಬ್ಯಾಟರಿ, ರಾತ್ರಿ ನೋಡುವ ಕನ್ನಡಕ ಹೀಗೆ ಪ್ರತಿಯೊಂದೂ ಜೀವ ಉಳಿಸುವ ಸಾಮಾನೇ. ಒಟ್ಟಿಗೆ ಸೇರಿದಾಗ ಅವೇ ಸೈನಿಕನ ವೇಗವನ್ನು ಕಸಿದುಕೊಳ್ಳುತ್ತವೆ.

ಈ ಹೊರೆಗೆ ಮೈ ತೆರುವ ಬೆಲೆಯನ್ನು ಲೆಕ್ಕ ಹಾಕಲು ಒಂದು ಸೂತ್ರವಿದೆ. ಮ್ಯಾಸಚೂಸೆಟ್ಸ್‌ನ ನ್ಯಾಟಿಕ್‌ನಲ್ಲಿರುವ ಸೇನಾ ಪ್ರಯೋಗಾಲಯದಿಂದ 1977ರಲ್ಲಿ ಬಂದದ್ದು, ಮೊದಲ ಲೇಖಕ ಪ್ಯಾಂಡಾಲ್ಫ್ ಹೆಸರಿನಲ್ಲೇ ಪ್ರಸಿದ್ಧ. ಮೈತೂಕ, ಹೊರೆ, ವೇಗ, ಏರು, ನೆಲದ ಬಗೆ ಇವಿಷ್ಟನ್ನು ಕೊಟ್ಟರೆ ಖರ್ಚಾಗುವ ಶಕ್ತಿಯನ್ನು ಅಂದಾಜಿಸಿ ಹೇಳುತ್ತದೆ. 70 ಕೆ.ಜಿ. ತೂಗುವ ಸೈನಿಕ ಗಂಟೆಗೆ 4.8 ಕಿ.ಮೀ. ವೇಗದಲ್ಲಿ ಸಮತಟ್ಟಾದ ಡಾಂಬರು ರಸ್ತೆಯ ಮೇಲೆ ಹೊರೆಯಿಲ್ಲದೆ ನಡೆದರೆ ಸುಮಾರು 290 ವ್ಯಾಟ್. 30 ಕೆ.ಜಿ. ಹೊತ್ತರೆ ಸುಮಾರು 410. ಅದೇ ಹೊರೆ, ಅದೇ ವೇಗ, ನೆಲ ಮಾತ್ರ ಜೌಗು ಎಂದುಕೊಳ್ಳಿ: 620. ಸಡಿಲ ಮರಳಾದರೆ 700. ಅಮೆರಿಕದ ಎರಡು ದೊಡ್ಡ ತರಬೇತಿ ಕೇಂದ್ರಗಳಲ್ಲಿ ಒಂದಾದ ಫೋರ್ಟ್ ಅರ್ವಿನ್ ಇರುವುದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ, ಇನ್ನೊಂದಾದ ಫೋರ್ಟ್ ಪೋಲ್ಕ್ ಇರುವುದು ಲೂಸಿಯಾನಾದ ತೇವದ ಕಾಡಿನಲ್ಲಿ. ರಸ್ತೆಯ ಮೇಲೆ ಅಭ್ಯಾಸ ಮಾಡಿ ಹೋದವರು ಅಲ್ಲಿ ಏದುಸಿರು ಬಿಡುವುದು ಏಕೆಂದು ಸೂತ್ರವೇ ಹೇಳಿಬಿಡುತ್ತದೆ.

ಅದೇ ಸೂತ್ರದಲ್ಲಿ ಇನ್ನೊಂದು ಕಟುಸತ್ಯವೂ ಅಡಗಿದೆ. ಹೊರೆ ಮತ್ತು ಮೈತೂಕದ ಅನುಪಾತ ಅಲ್ಲಿ ವರ್ಗವಾಗಿ ಬರುತ್ತದೆ. 55 ಕೆ.ಜಿ. ತೂಗುವವರು ಅದೇ 30 ಕೆ.ಜಿ. ಹೊತ್ತು ಡಾಂಬರಿನ ಮೇಲೆ ನಡೆದರೆ ಮೈತೂಕದ ಪ್ರತಿ ಕೆ.ಜಿ.ಗೆ 6.5 ವ್ಯಾಟ್ ಬೇಕು, 70 ಕೆ.ಜಿ.ಯವರಿಗೆ 5.8 ಸಾಕು. ಹೊರುವವರು ಸಣ್ಣ ಮೈಯವರೆಂದು ರೇಡಿಯೊದ ತೂಕವೇನೂ ಇಳಿಯುವುದಿಲ್ಲ. ತಂಡದ ಸಾಮಾನು ಹಂಚುವಾಗ ಎಲ್ಲರಿಗೂ ಸಮಪಾಲು ಎಂಬುದು ನ್ಯಾಯದಂತೆ ಕಂಡರೂ ಶರೀರಶಾಸ್ತ್ರದ ಪ್ರಕಾರ ಅನ್ಯಾಯವೇ.

ತೂಕ ಎಷ್ಟು ಎಂಬಷ್ಟೇ ಮುಖ್ಯ, ಎಲ್ಲಿ ಎಂಬುದು. 1969ರಲ್ಲಿ ಸೂಲ್ ಮತ್ತು ಗೋಲ್ಡ್‌ಮನ್ ತಲೆ, ಕೈ, ಪಾದಗಳಿಗೆ ಭಾರ ಕಟ್ಟಿ ಅಳೆದರು. ಕೈಯಲ್ಲಿ ಹಿಡಿದ 1 ಕೆ.ಜಿ. ಮೈಗೆ ಸೇರಿದ 1 ಕೆ.ಜಿ.ಗಿಂತ ಸುಮಾರು ಎರಡು ಪಟ್ಟು ದುಬಾರಿ. ಪಾದದ ಮೇಲಿನದು, ನಡಿಗೆಯ ವೇಗಕ್ಕೆ ತಕ್ಕಂತೆ, 4ರಿಂದ 6 ಪಟ್ಟು. ಪಾದವನ್ನು ಪ್ರತಿ ಹೆಜ್ಜೆಗೂ ಎತ್ತಿ, ಮುಂದಕ್ಕೆ ಬೀಸಿ, ಮತ್ತೆ ನಿಲ್ಲಿಸಬೇಕಲ್ಲ. ಭಾರದ ಬೂಟು ಕೊಂಡವನು ಚೀಲದಿಂದ ಒಂದಷ್ಟು ಸಾಮಾನು ತೆಗೆದಿಟ್ಟರೂ ಲೆಕ್ಕ ಸರಿದೂಗುವುದಿಲ್ಲ.

ಭಾರತದಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ಅಭಿಮಾನದಿಂದ ನೆನೆಯಬೇಕು. ದತ್ತ ಮತ್ತು ರಾಮನಾಥನ್ 1971ರಲ್ಲಿ ಒಂದೇ 30 ಕೆ.ಜಿ.ಯನ್ನು ಏಳು ಬಗೆಯಲ್ಲಿ ಹೊರಿಸಿ ಹೋಲಿಸಿದರು: ತಲೆಹೊರೆ, ಬೆನ್ನುಚೀಲ, ಹಣೆಪಟ್ಟಿಗೆ ತೂಗುಹಾಕುವ ಶೆರ್ಪಾ ಪದ್ಧತಿ, ಬೆನ್ನ ಮೇಲಿನ ಅಕ್ಕಿಮೂಟೆ, ಅಡ್ಡೆ, ಎರಡು ಕೈ, ಮತ್ತೆ ಎದೆಗೂ ಬೆನ್ನಿಗೂ ಹಂಚಿದ ಜೋಡಿಚೀಲ. ಜೋಡಿಚೀಲ ಗೆದ್ದಿತು, ಕೈಹೊರೆ ಸೋತಿತು. ಹಿಂದುಮುಂದಿನ ಭಾರ ಸರಿಸಮವಾದರೆ ಮುಂದಕ್ಕೆ ಬಾಗುವ ಅಗತ್ಯವೇ ಇರುವುದಿಲ್ಲ. ಆದರೆ ಎದೆಯ ಮೇಲೆ ದೊಡ್ಡ ಚೀಲವಿದ್ದರೆ ಸೈನಿಕನಿಗೆ ತನ್ನ ಪಾದ ಕಾಣದು, ಅಂಗಾತ ಬೀಳಬಹುದೇ ಹೊರತು ಬೋರಲು ಮಲಗಿ ಗುರಿ ಹಿಡಿಯಲಾಗದು. ಆದ್ದರಿಂದ ಮುಂದುಗಡೆ ಮ್ಯಾಗಜಿನ್ ಪೌಚುಗಳು, ಹಿಂದುಗಡೆ ಚೀಲ ಎಂಬ ರಾಜಿ.

ಆ ಪೌಚುಗಳನ್ನು ಕಟ್ಟುವ ರೀತಿ ನನಗೆ ಬಹಳ ಇಷ್ಟವಾದ ತಂತ್ರ. 1973ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ‘ಆಲಿಸ್’ ಎಂಬ ಸಾಧನದಲ್ಲಿ ಪೌಚುಗಳನ್ನು ಲೋಹದ ಕ್ಲಿಪ್ಪಿನಿಂದ ಬೆಲ್ಟಿಗೆ ಸಿಕ್ಕಿಸುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಬಂದ ‘ಮಾಲಿ’ ವ್ಯವಸ್ಥೆಯಲ್ಲಿ ಕ್ಲಿಪ್ಪೇ ಇಲ್ಲ. ಕವಚದ ಮೇಲೆ ಒಂದಂಗುಲ ಅಗಲದ ನೈಲಾನ್ ಪಟ್ಟಿಗಳು ಒಂದಂಗುಲ ಅಂತರದಲ್ಲಿ ಅಡ್ಡಡ್ಡ ಸಾಲಾಗಿವೆ, ಪ್ರತಿ ಒಂದೂವರೆ ಅಂಗುಲಕ್ಕೆ ಒಂದು ಹೊಲಿಗೆ. ಪೌಚಿನ ಬೆನ್ನಿಗೂ ಅಂಥದೇ ಪಟ್ಟಿಗಳು. ಪೌಚಿನಿಂದ ಇಳಿಬಿದ್ದ ಗಟ್ಟಿ ನಾಲಗೆಯನ್ನು ಕವಚದ ಒಂದು ಪಟ್ಟಿಯೊಳಗೆ, ಮತ್ತೆ ಪೌಚಿನ ಒಂದು ಪಟ್ಟಿಯೊಳಗೆ, ಮತ್ತೆ ಕವಚದ ಪಟ್ಟಿಯೊಳಗೆ, ಚಾಪೆ ಹೆಣೆದ ಹಾಗೆ ಹಾಯಿಸುತ್ತಾ ಬಂದು ಕೆಳಗೆ ಗುಂಡಿ ಒತ್ತಬೇಕು. ಸರಿಯಾಗಿ ಹೆಣೆದರೆ ಪೌಚು ಕವಚದ್ದೇ ಅಂಗವಾಗುತ್ತದೆ. ಅವಸರದಲ್ಲಿ ಪೌಚಿನ ಪಟ್ಟಿಗಳನ್ನು ಬಿಟ್ಟು ನಾಲಗೆಯನ್ನು ಕವಚದಲ್ಲಷ್ಟೇ ತೂರಿಸಿದರೂ ಗುಂಡಿ ಕೂರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ಓಡಿದಾಗ ಮಾತ್ರ ಪೌಚು ಲೊಡಲೊಡ ಕುಣಿಯತೊಡಗುತ್ತದೆ. ಬಿಡಿಸಿ ಹೊಸದಾಗಿ ಹೆಣೆಯದೆ ಬೇರೆ ದಾರಿಯಿಲ್ಲ, ಕತ್ತಲಲ್ಲಿ ಅದು ಆಗುವ ಕೆಲಸವಲ್ಲ.

ಈಗ ಬೆನ್ನುಚೀಲ. ಅದನ್ನು ಹೊಂದಿಸಲು ಕ್ರಮವಿದೆ, ಆ ಕ್ರಮ ತಪ್ಪಿದರೆ ಪಟ್ಟಿ ಎಷ್ಟು ಬಿಗಿದರೂ ಫಲವಿಲ್ಲ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಬೇಕು. ನಿಜವಾದ ಭಾರ ತುಂಬಿಯೇ ಹೊರಬೇಕು, ಖಾಲಿ ಚೀಲ ಎಲ್ಲರಿಗೂ ಒಪ್ಪುತ್ತದೆ. ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರಿಸಿ ಮೊದಲು ಅದನ್ನೇ ಬಿಗಿಯಬೇಕು. ಹೆಗಲ ಪಟ್ಟಿ ಆಮೇಲೆ. ಹೆಗಲ ಮೇಲಿಂದ ಚೌಕಟ್ಟಿನ ತುದಿಗೆ ಓರೆಯಾಗಿ ಹೋಗುವ ಪುಟ್ಟ ಪಟ್ಟಿಗಳನ್ನು ಎಳೆದಾಗ ಚೀಲದ ತಲೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಎದೆಯ ಪಟ್ಟಿ ಕೊನೆಗೆ, ಉಸಿರಾಟಕ್ಕೆ ಅಡ್ಡಿಯಾಗದಷ್ಟೇ ಬಿಗಿಯಾಗಿ. ಭಾರವಾದ ಸಾಮಾನು ಬೆನ್ನಿಗೆ ಹತ್ತಿರ ಇರಬೇಕು. ಅದು ಹೊರಗೆ ಸರಿದಷ್ಟೂ ಚೀಲ ಹಿಂದಕ್ಕೆ ಎಳೆಯುತ್ತದೆ, ಎಳೆದಷ್ಟೂ ಸೈನಿಕ ಮುಂದಕ್ಕೆ ಬಾಗುತ್ತಾನೆ. ನೇರ ರಸ್ತೆಗೆ ಭಾರ ಸ್ವಲ್ಪ ಮೇಲಿದ್ದರೆ ಹಿತ, ಕಲ್ಲುಮುಳ್ಳಿನ ಇಳಿಜಾರಿಗೆ ತುಸು ಕೆಳಗಿದ್ದರೆ ಮುಗ್ಗರಿಸುವುದು ಕಡಿಮೆ.

ಸೊಂಟದ ಪಟ್ಟಿ ಬಹುಪಾಲು ಭಾರ ಹೊರುತ್ತದೆ ಎಂಬ ಮಾತು ಚಾರಣಿಗರಲ್ಲೂ ಪ್ರಚಲಿತ. ಲಾಫಿಯಾಂಡ್ರಾ ಮತ್ತು ಹಾರ್ಮನ್ 2004ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಸೊಂಟದ ಕಡೆಗೆ ಇಳಿದದ್ದು ಲಂಬಬಲದ ಸುಮಾರು 30 ಶೇಕಡಾ ಮಾತ್ರ, ಉಳಿದದ್ದು ಹೆಗಲು ಮತ್ತು ಮೇಲ್ಬೆನ್ನಿಗೆ. ಅಷ್ಟಾದರೂ ಇಳಿಯುವುದು ದೊಡ್ಡ ಮಾತು. ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಗೊಂಚಲು ಹೆಗಲ ಪಟ್ಟಿ ಕೂರುವ ಜಾಗದಲ್ಲೇ ಹಾದುಹೋಗುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಒತ್ತಡ ಬಿದ್ದರೆ ತೋಳು ಜೋಮು ಹಿಡಿಯುತ್ತದೆ, ಬಲ ಕಳೆದುಕೊಳ್ಳುತ್ತದೆ, ಕೆಲವರಲ್ಲಿ ಹೆಗಲ ಹಲಗೆಮೂಳೆ ರೆಕ್ಕೆಯಂತೆ ಹೊರಚಾಚುತ್ತದೆ. ವೈದ್ಯರು ಇದನ್ನು ಬೆನ್ನುಚೀಲದ ಪಾರ್ಶ್ವವಾಯು ಎನ್ನುತ್ತಾರೆ. ಚೌಕಟ್ಟು ಮತ್ತು ಸೊಂಟದ ಪಟ್ಟಿ ಇರುವ ಚೀಲದಲ್ಲಿ ಇದು ಬಹಳ ಕಡಿಮೆ. ಮೊದಮೊದಲ ‘ಮಾಲಿ’ ಚೀಲದ ಪ್ಲಾಸ್ಟಿಕ್ ಚೌಕಟ್ಟುಗಳು ಮುರಿಯುತ್ತಿದ್ದವು. ಸೈನಿಕರ ದೂರು ಕೇಳಿ ವಿನ್ಯಾಸಕಾರರು ಅದನ್ನು ತಿದ್ದಿದರು.

ಕವಚ ಬಂದ ಮೇಲೆ ಈ ಹೊಂದಾಣಿಕೆ ಇನ್ನೂ ಜಟಿಲವಾಗಿದೆ. ಎದೆಯ ಸೆರಾಮಿಕ್ ಫಲಕದ ಮೇಲಂಚು ಕತ್ತಿನ ಬುಡದ ಕುಳಿಗೆ ಸಮನಾಗಿರಬೇಕು, ಹೃದಯವೂ ಅದರ ದೊಡ್ಡ ರಕ್ತನಾಳಗಳೂ ಮರೆಯಾಗುವುದು ಆಗಲೇ. ಮಧ್ಯಮ ಅಳತೆಯ ಒಂದು ಫಲಕ ಸುಮಾರು 2.5 ಕೆ.ಜಿ. ಹಿತವೆಂದು ಕೆಳಗೆ ಇಳಿಬಿಟ್ಟುಕೊಂಡರೆ ಕಾಯಬೇಕಾದ ಜಾಗವೇ ಬಯಲಾಗುತ್ತದೆ. ಸಾಲದ್ದಕ್ಕೆ ಕವಚದ ಕೆಳಗಿನ ಅಂಚು, ಚೀಲದ ಸೊಂಟಪಟ್ಟಿ ಎರಡೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಕವಚವಿಲ್ಲದೆ ಹೊಂದಿಸಿದ ಚೀಲ ಕವಚದ ಮೇಲೆ ಹೊಂದುವುದಿಲ್ಲ, ಆದ್ದರಿಂದ ಎರಡನ್ನೂ ತೊಟ್ಟೇ ಅಳತೆ ನೋಡಬೇಕು. ಬಹುಕಾಲ ಮಹಿಳಾ ಸೈನಿಕರಿಗೆ ಗಂಡಸರ ಅಳತೆಯ ಕವಚವೇ ಗತಿಯಾಗಿತ್ತು, ಅವರ ಮೈಕಟ್ಟಿಗೆ ತಕ್ಕ ಕವಚವನ್ನು ಅಮೆರಿಕದ ಸೇನೆ ರೂಪಿಸಿದ್ದು 2010ರ ದಶಕದಲ್ಲಿ. ಇಷ್ಟು ತಡವಾದದ್ದಕ್ಕೆ ಸಮರ್ಥನೆಯಿಲ್ಲ. ಸೆಕೆಯ ತೊಂದರೆ ಬೇರೆ. ಕವಚದೊಳಗೆ ಬೆವರು ಆರುವುದಿಲ್ಲ. ತೇವದ ಹವೆಯಲ್ಲಿ ಕವಚ ತೊಟ್ಟವರಿಗೆ ಸೆಕೆಯ ಸೂಚ್ಯಂಕಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್ ಸೇರಿಸಿಯೇ ಕೆಲಸ ಮತ್ತು ವಿಶ್ರಾಂತಿಯ ವೇಳೆ ನಿಗದಿ ಮಾಡಬೇಕೆಂದು ಅಮೆರಿಕದ ಸೇನೆಯ ವೈದ್ಯಕೀಯ ನಿಯಮವಿದೆ.

ಇಷ್ಟೆಲ್ಲ ಸರಿಯಿದ್ದೂ ಸೈನಿಕ ಸಾಲಿನಿಂದ ಹೊರಬೀಳುವುದು ಹೆಚ್ಚಾಗಿ ಪಾದದ ಬೊಬ್ಬೆಯಿಂದ. ಚರ್ಮದ ಪದರಗಳು ಒಂದರ ಮೇಲೊಂದು ಜಗ್ಗಿ, ಬಿರಿದು, ನಡುವೆ ನೀರು ತುಂಬಿಕೊಳ್ಳುತ್ತದೆ. ಪೂರಾ ಒಣಗಿದ ಚರ್ಮಕ್ಕಿಂತ ಬೆವರಿ ಪಸೆಯಾದ ಚರ್ಮದಲ್ಲಿ ಘರ್ಷಣೆ ಜಾಸ್ತಿ. ಹೀಗಾಗಿ ಒಳಗೆ ತೆಳುವಾದ ಪಾಲಿಯೆಸ್ಟರ್ ಕಾಲುಚೀಲ, ಹೊರಗೆ ದಪ್ಪನೆಯದು: ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆದುಹೋಗಲಿ ಎಂಬ ಉಪಾಯ. 1998ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ ವೆಸ್ಟ್ ಪಾಯಿಂಟ್ ಅಕಾಡೆಮಿಯ ಕೆಡೆಟ್‌ಗಳು 21 ಕಿ.ಮೀ. ನಡಿಗೆಗೆ ಮುಂಚಿನ ರಾತ್ರಿಗಳಲ್ಲಿ ಪಾದಕ್ಕೆ ಬೆವರು ತಡೆಯುವ ಲೇಪ ಹಚ್ಚಿಕೊಂಡರು. ಕನಿಷ್ಠ ಮೂರು ರಾತ್ರಿ ಹಚ್ಚಿಕೊಂಡವರಲ್ಲಿ 21 ಶೇಕಡಾ ಮಂದಿಗೆ ಬೊಬ್ಬೆ, ಬರೀ ಸಪ್ಪೆ ಲೇಪ ಹಚ್ಚಿಕೊಂಡವರಲ್ಲಿ 48. ಆದರೆ ಔಷಧದ ಗುಂಪಿನಲ್ಲಿ 57 ಶೇಕಡಾ ಮಂದಿಗೆ ಚರ್ಮ ಉರಿಯಿತು. ಅಲ್ಲಿಗೆ ಆ ಉಪಾಯ ಸರ್ವರಿಗೂ ಸಲ್ಲುವಂಥದಲ್ಲ.

ಮೂಳೆಯ ಕಥೆ ಹಳೆಯದು. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಹೊಸ ಸೈನಿಕರ ಪಾದ ಊದಿ ನೋಯುವುದನ್ನು ದಾಖಲಿಸಿದ್ದ. ಎಕ್ಸ್-ರೇ ಬಂದ ಮೇಲೆ ಅದು ಮೂಳೆಯ ಸೂಕ್ಷ್ಮ ಬಿರುಕು ಎಂದು ತಿಳಿಯಿತು. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ವಾರಗಳಲ್ಲಿ ಅದು ದುರ್ಬಲ. ಒಂದೇ ಸಲಕ್ಕೆ ಪೂರ್ತಿ ಹೊರೆ ಹೊರಿಸದೆ ವಾರದಿಂದ ವಾರಕ್ಕೆ ಏರಿಸಬೇಕಾದದ್ದು ಈ ಕಾರಣಕ್ಕೆ.

ಉಳಿದ ಸಣ್ಣಪುಟ್ಟ ಕೆಲಸಗಳು ಹೊರಡುವ ಹಿಂದಿನ ರಾತ್ರಿಯವು. ಜೋತಾಡುವ ಪಟ್ಟಿತುದಿಗಳನ್ನು ಸುತ್ತಿ ಟೇಪು ಹಚ್ಚುವುದು, ಬಟ್ಟೆಗಳನ್ನು ನೀರು ನುಗ್ಗದ ಚೀಲಕ್ಕೆ ತುಂಬುವುದು, ಕಂಪಾಸಿನಂಥ ಕಳೆಯಬಾರದ ವಸ್ತುವನ್ನು ಪ್ಯಾರಾಶೂಟ್ ದಾರದಿಂದ ಕವಚಕ್ಕೆ ಕಟ್ಟುವುದು. ಆಮೇಲೆ ಎಲ್ಲ ತೊಟ್ಟು ನಿಂತಲ್ಲೇ ಕುಪ್ಪಳಿಸಿ ಕಿವಿಗೊಡುತ್ತಾರೆ. ಎಲ್ಲಿ ಸದ್ದಾಯಿತೋ ಅಲ್ಲಿ ಇನ್ನೊಂದು ಸುತ್ತು ಟೇಪು.

ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೊರಡುವವರಿಗೆ, ಎನ್‌ಸಿಸಿ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ನನ್ನ ವಿನಂತಿ ಇಷ್ಟೇ: ಚೀಲವನ್ನು ಒಂದು ವಾರ ಮುಂಚೆಯೇ ಪೂರ್ತಿ ತುಂಬಿ ತಕ್ಕಡಿಗಿಡಿ, ಸೊಂಟದ ಪಟ್ಟಿಯನ್ನು ಮೊದಲು ಬಿಗಿದು ಹೊತ್ತು ಊರೊಳಗೆ ಒಂದು ಗಂಟೆ ನಡೆದು ನೋಡಿ. ಹೊಸ ಬೂಟು ಹಾಕಿಕೊಂಡು ಮಾತ್ರ ಹೊರಡಬೇಡಿ.