ದಿನ ತುಂಬದ ಕೂಸು ಮತ್ತು ಸ್ಟೀರಾಯ್ಡ್ ಇಂಜೆಕ್ಷನ್

ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳ ಕೂಸು ಉಳಿಯಲ್ಲ. ಈ ಮಾತನ್ನು ನೀವೂ ಕೇಳಿದ್ದೀರಿ ಅಲ್ಲವೆ? ಇದು ಸುಳ್ಳು. ಹೊಟ್ಟೆಯಲ್ಲಿ ದಿನ ತುಂಬಿದಷ್ಟೂ ಕೂಸಿಗೆ ಬಲ ಹೆಚ್ಚು. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ದಿನ ತುಂಬದ ಕೂಸು.

ತೀರಾ ಬೇಗ ಹುಟ್ಟಿದ ಕೂಸಿಗೆ ಮೊದಲ ಕಷ್ಟ ಉಸಿರಿನದು. ಒದ್ದೆಯಾದ ಪ್ಲಾಸ್ಟಿಕ್ ಚೀಲ ನೋಡಿ. ಎರಡು ಮಗ್ಗುಲೂ ಅಂಟಿಕೊಂಡು ಬಾಯಿ ಬಿಡುವುದೇ ಇಲ್ಲ. ನಮ್ಮ ಶ್ವಾಸಕೋಶದಲ್ಲೂ ಸಣ್ಣ ಸಣ್ಣ ಗಾಳಿಚೀಲಗಳಿವೆ. ಅವು ಅಂಟಿಕೊಳ್ಳದಂತೆ ಒಳಗೆ ಸೋಪಿನಂಥ ಒಂದು ಲೇಪ ಇರುತ್ತದೆ. ಬೇಗ ಹುಟ್ಟಿದ ಕೂಸಿಗೆ ಆ ಲೇಪ ಸಾಲದು.

ಇದಕ್ಕೆ ಔಷಧಿ ಸ್ಟೀರಾಯ್ಡ್. ಹೆಸರು ಕೇಳಿ ಗಾಬರಿ ಬೇಡ. ಇಂಥದೇ ವಸ್ತು ನಮ್ಮ ಮೈಯಲ್ಲೂ ತಯಾರಾಗುತ್ತದೆ. ನ್ಯೂಜಿಲೆಂಡ್ ದೇಶದ ಲಿಗಿನ್ಸ್ ಎಂಬ ಡಾಕ್ಟರು ಕುರಿಗಳ ಮೇಲೆ ಪರೀಕ್ಷೆ ಮಾಡಿದರು. ಈ ಔಷಧಿ ಸಿಕ್ಕಿದ ಮರಿ ಬೇಗ ಹುಟ್ಟಿದರೂ ಉಸಿರಾಡಿತು! ಆಮೇಲೆ ಅವರು, ಹೌಯಿ ಎಂಬ ಇನ್ನೊಬ್ಬ ಡಾಕ್ಟರ ಜೊತೆ, ಗರ್ಭಿಣಿಯರಿಗೆ ಕೊಟ್ಟು ನೋಡಿದರು. 1972ರಲ್ಲಿ ಅದರ ಫಲ ತಿಳಿಸಿದರು. ಇಂಜೆಕ್ಷನ್ ತಾಯಿಗೆ, ಕೆಲಸ ಕೂಸಿನ ಶ್ವಾಸಕೋಶದಲ್ಲಿ. ಡೆಕ್ಸಾಮೆಥಾಸೋನ್ ಎಂಬ ಔಷಧಿಯಾದರೆ 12 ಗಂಟೆಗೆ ಒಂದರಂತೆ 4 ಇಂಜೆಕ್ಷನ್.

ಹಾಗಾದರೆ ಜಾಸ್ತಿ ಕೊಟ್ಟರೆ ಇನ್ನೂ ಒಳ್ಳೆಯದೆ? ಅಲ್ಲ. ನಮ್ಮ ನಂಜನಗೂಡು ರಸಬಾಳೆ ಗೊನೆಯನ್ನು ಕಡಿದು ಹಣ್ಣಿಗೆ ಹಾಕುತ್ತೇವೆ. ಕಾಯಿ ಬೇಗ ಹಣ್ಣಾಗುತ್ತೆ. ಆದರೆ ಇನ್ನು ದಪ್ಪ ಆಗುವುದಿಲ್ಲ. ಸ್ಟೀರಾಯ್ಡ್ ಕೂಡ ಹೀಗೇ. ಕೂಸನ್ನು ಬೇಗ ಬಲಿಸುತ್ತದೆ, ಬೆಳವಣಿಗೆಯನ್ನು ತಡೆಯುತ್ತದೆ. 14 ದಿನಕ್ಕೊಮ್ಮೆ ಮತ್ತೆ ಮತ್ತೆ ಕೊಟ್ಟು ನೋಡಿದ ಫಲ 2008ರಲ್ಲಿ ಹೊರಬಂತು. ಆ ಕೂಸುಗಳು ಹುಟ್ಟುವಾಗ ಸರಾಸರಿ ಸುಮಾರು 100 ಗ್ರಾಂ ಕಡಿಮೆ ತೂಗಿದವು. ಉದ್ದವೂ ಕಡಿಮೆ, ತಲೆಯ ಸುತ್ತಳತೆಯೂ ಕಡಿಮೆ.

ಹುಟ್ಟಿದ ಮೇಲೆ ಉಸಿರಿನ ಯಂತ್ರ ಬಿಡಲಾಗದ ಕೂಸಿಗೂ ಕೆಲವು ಸಲ ಇದನ್ನು ಕೊಡುತ್ತಾರೆ. ಕೊಡುವಷ್ಟು ದಿನ ಕುಡಿದ ಹಾಲು ಮೈಗೆ ಹತ್ತುವುದಿಲ್ಲ. ತೂಕ ನಿಂತುಬಿಡುತ್ತದೆ. ನಿಲ್ಲಿಸಿದ ಮೇಲೆ ಮತ್ತೆ ಏರುತ್ತದೆ. ಹಿಂದೆ ಹುಟ್ಟಿದ ವಾರದೊಳಗೇ ಹೆಚ್ಚು ಹೆಚ್ಚು ಕೊಡುತ್ತಿದ್ದರು. ಅಂಥ ಕೆಲವು ಮಕ್ಕಳಿಗೆ ಮುಂದೆ ನಡೆಯಲು, ಕೈಕಾಲು ಆಡಿಸಲು ತೊಂದರೆ ಕಂಡಿತು. ಈಗ ತೀರಾ ಬೇಕಾದವರಿಗೆ ಮಾತ್ರ, ಸ್ವಲ್ಪ ದಿನ, ಸ್ವಲ್ಪವೇ.

ನಮ್ಮ ಬೆಳಗಾವಿಯೂ ಇದಕ್ಕೆ ಸಾಕ್ಷಿ. ಬೆಳಗಾವಿ ಸೇರಿ 6 ದೇಶಗಳ ಹಳ್ಳಿಗಾಡಿನಲ್ಲಿ ಈ ಇಂಜೆಕ್ಷನ್ ಹರಡಿ ನೋಡಿದರು. ದಿನ ತುಂಬಿ ಹೆರುವವರಿಗೂ ಅದು ಬಿತ್ತು. ಕೂಸುಗಳ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು! ಇದು 2015ರ ವರದಿ. ಆಮೇಲೆ ಒಳ್ಳೆಯ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ವಾರ ಲೆಕ್ಕ ಹಾಕಿ ಕೊಟ್ಟರು. ಆಗ ನೂರಕ್ಕೆ ಸುಮಾರು 4 ಕೂಸು ಹೆಚ್ಚಾಗಿ ಉಳಿದವು. ಇದು 2020ರ ವರದಿ. ಇದರಲ್ಲೂ ಬೆಳಗಾವಿ ಇತ್ತು.

ಆದ್ದರಿಂದ ದಿನಕ್ಕೆ ಮೊದಲೇ ಬೇನೆ ಬಂದರೆ ಮನೆಯಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್ ಜೊತೆಗಿರಲಿ. ನಂಜನಗೂಡು, ತಿ. ನರಸೀಪುರದ ಆಸ್ಪತ್ರೆಯಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳಿಸಬಹುದು. ಹೊರಡುವ ಮುಂಚೆ ಚೀಟಿ ಕೇಳಿ ಪಡೆಯಿರಿ. ಯಾವ ಇಂಜೆಕ್ಷನ್, ಎಷ್ಟು ಸಲ, ಎಷ್ಟು ಗಂಟೆಗೆ ಎಂದು ಬರೆದಿದೆಯೆ? ನೀವೇ ಓದಿ ನೋಡಿ. ಮೈಸೂರಿನ ಡಾಕ್ಟರು ಅದನ್ನು ನೋಡಿಯೇ ಇನ್ನೆಷ್ಟು ಬೇಕು ಎಂದು ಲೆಕ್ಕ ಹಾಕುತ್ತಾರೆ.