ಅಜ್ಜನ ಧೋತರ, ಮೊಮ್ಮಗಳ ಹೊತ್ತಿಗೆ

ಕಳೆದ ದೀಪಾವಳಿ ಸೂಟಿಯಲ್ಲಿ ಚಪಳಗಾಂವದ ನಮ್ಮ ನೆರೆಮನೆಗೆ ಪುಣೆಯಿಂದ ಮೊಮ್ಮಗಳೊಬ್ಬಳು ಬಂದಿದ್ದಳು. ಹತ್ತು ವರ್ಷದ ಹುಡುಗಿ. ಅಜ್ಜಿಯೊಡನೆ ಎಡೆಬಿಡದೆ ಕನ್ನಡದಲ್ಲಿ ಮಾತನಾಡುತ್ತಿದ್ದಳು. ಶಿಕ್ಷಕನ ರೂಢಿ ಬಿಡದು. ಕನ್ನಡ ಪುಸ್ತಕವೊಂದನ್ನು ಮುಂದಿಟ್ಟು ಓದಲು ಹೇಳಿದೆ. “ಮಾತಾಡ್ಲಿಕ್ಕೆ ಬರ್ತದರಿ ಕಾಕಾ, ಓದ್ಲಿಕ್ಕೆ ಬರಂಗಿಲ್ಲ” ಎಂದಳು. ಕೌದಿ ಹೊಲಿಯುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತದೆ, “ನನಗೂ ಬರಂಗಿಲ್ಲರಿ ಗುರುಗಳ. ನಾ ಹೋದ ಮ್ಯಾಲ ಈಕೀ ಕನ್ನಡನೂ ಹೋಗ್ತದ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಗಡಿಯ ಈಚೆಗಿರುವ ನಮ್ಮ ಅನೇಕ ಮನೆಗಳ ಸ್ಥಿತಿ ಇದೇ ಅಲ್ಲವೇ? ಅಜ್ಜಿಯ ಬಳಿ ಶಬ್ದಗಳುಂಟು, ಅಕ್ಷರವಿಲ್ಲ. ಮಗುವಿನ ಬಳಿ ಅಕ್ಷರವುಂಟು, ಅದು ಕನ್ನಡದ್ದಲ್ಲ. ಇವರಿಬ್ಬರನ್ನೂ ಒಂದೇ ಕೆಲಸಕ್ಕೆ ಕೂಡಿಸಬೇಕೆನಿಸಿತು. ಶಿಕ್ಷಕರ ತರಬೇತಿಯಲ್ಲಿ ಕಾರ್ಯಾನುಭವದ ತಾಸಿಗೆ ಕಲಿತ ಪುಸ್ತಕ ಕಟ್ಟುವ ವಿದ್ಯೆ ಆಗ ನೆನಪಾಯಿತು.

ಕನ್ನಡಿಗರಿಗೆ ಬಟ್ಟೆಯ ಪುಸ್ತಕ ಹೊಸತಲ್ಲ. ಕರ್ನಾಟಕದ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ‘ಕಡತ’ ಎನ್ನುವರು. ಮೂಲದಲ್ಲಿ ಕಡತವೆಂದರೆ ಅರಿವೆಯ ಹೊತ್ತಿಗೆಯೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ್ದಾರೆ. 8ರಿಂದ 12 ಇಂಚು ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಮಗ್ಗುಲಿಗೆ ಇದ್ದಲಿನ ಪುಡಿ ಕಲಸಿದ ಅಂಟನ್ನು ಬಳಿದು, ಒಣಗಿದ ಮೇಲೆ ಕತ್ತರಿಸದೆ ನಿರಿಗೆಯಂತೆ ಮಡಚಿ, ತುದಿಗಳಿಗೆ ಮರದ ಹಲಗೆ ಜೋಡಿಸುತ್ತಿದ್ದರು. ಬಳಪದಿಂದ ಬರೆಯುವುದು, ಬೇಡವಾದರೆ ನಮ್ಮ ಪಾಟಿಯಂತೆ ಒರೆಸಿ ಮತ್ತೆ ಬರೆಯುವುದು. ಆ ಅಂಟು ಹುಣಸೆ ಬೀಜದ್ದು. ವ್ಯಾಪಾರಿಗಳ ಲೆಕ್ಕಪತ್ರವೆಲ್ಲ ಇದರಲ್ಲಿಯೇ ಇರುತ್ತಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ನೂರಾರು ಉಳಿದು ಬಂದಿವೆ.

ಈ ಸಂಗತಿಯನ್ನು ಹೇಳಿದಾಗ ಅಜ್ಜಿ ಎದ್ದುಹೋಗಿ ಪೆಟ್ಟಿಗೆಯಿಂದ ಒಂದು ಬಿಳಿಯ ಧೋತರವನ್ನು ತಂದರು. ತೀರಿಹೋದ ಯಜಮಾನರದು. “ಇದು ಆದೀತೇನ್ರಿ?” ಎಂದರು. ಹಳೆಯ ಹತ್ತಿಬಟ್ಟೆಗಿಂತ ಉತ್ತಮವಾದುದು ಬೇರೆ ಯಾವುದಿದೆ?

ಬಣ್ಣಕ್ಕೆ ಅಂಗಡಿಗೆ ಹೋಗಬೇಕಿಲ್ಲ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಸೊಲ್ಲಾಪುರದ ದಾಳಿಂಬೆಯ ಸಿಪ್ಪೆಯೇ ಸಾಕು. ಮೊದಲು ಬಟ್ಟೆಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. 100 ಗ್ರಾಂ ಬಟ್ಟೆಗೆ 15 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಅದರಲ್ಲಿ ಒಂದು ರಾತ್ರಿ ನೆನೆಯಿಡಬೇಕು. ಬಣ್ಣವು ನೂಲಿಗೆ ಹಿಡಿಯುವುದು ಈ ಪಟಿಕದಿಂದಲೇ. ಬಟ್ಟೆಯಷ್ಟೇ ತೂಕದ ಒಣಸಿಪ್ಪೆಯನ್ನು ಒಂದು ತಾಸು ಕುದಿಸಿ ಸೋಸಿದರೆ ಬಣ್ಣದ ನೀರು ಸಿದ್ಧ.

ಅದ್ದುವ ಮೊದಲು ಅಜ್ಜಿಯ ಸೂಜಿಗೆ ಕೆಲಸ. ಹೆಣ್ಣುಮಕ್ಕಳ ಫ್ರಾಕಿನ ಎದೆಯ ಮೇಲೆ ಹಾಕುವ ಸ್ಮಾಕಿಂಗ್ ಹೊಲಿಗೆಯನ್ನು ತಾಯಂದಿರೆಲ್ಲ ಬಲ್ಲರು. 8 ಇಂಚಿನ ಹೊದಿಕೆಗೆ 24 ಇಂಚು ಅಗಲದ ಬಟ್ಟೆ ಬೇಕು. ಕಾಲು ಇಂಚಿಗೊಂದರಂತೆ ಚುಕ್ಕೆಯಿಟ್ಟು, ಸಾಲುಸಾಲಾಗಿ ಓಟದ ಹೊಲಿಗೆ ಹಾಕಿ, ದಾರಗಳನ್ನು ಒಟ್ಟಿಗೆ ಎಳೆದರೆ ಸಮನಾದ ನಿರಿಗೆಗಳು ಬೀಳುವವು. ಹಾಗೆಯೇ ಬಿಗಿದು ಕಟ್ಟಿ, ಬಣ್ಣದ ನೀರಿನಲ್ಲಿ ಅರ್ಧ ತಾಸು ಸಣ್ಣ ಉರಿಯ ಮೇಲೆ ಇಡಬೇಕು. ನಿರಿಗೆಯ ಮೇಲ್ಭಾಗ ಅರಿಶಿನದಂತೆ ಹಳದಿಯಾಗಿ, ಒಳಭಾಗ ತಿಳಿಯಾಗಿ ಉಳಿಯುತ್ತದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರನ್ನು ಸ್ವಲ್ಪ ಬೆರೆಸಿದರೆ ಹಳದಿಯು ಕಪ್ಪುಹಸಿರಿಗೆ ತಿರುಗುವುದು. ಒಣಗಿದ ಮೇಲೆ ನಿರಿಗೆಗಳ ತುದಿಯನ್ನು ಎರಡೆರಡಾಗಿ ಕೂಡಿಸಿ ಹೊಲಿದರೆ ಜೇನುಹುಟ್ಟಿನ ಆಕಾರ ಬರುತ್ತದೆ; ಆಮೇಲೆ ಎಳೆದ ದಾರಗಳನ್ನು ತೆಗೆಯಬಹುದು.

ಪುಟಗಳಿಗೆ ಕಳೆದ ವರ್ಷದ ವಹಿಗಳಲ್ಲಿ ಉಳಿದ ಖಾಲಿ ಹಾಳೆ ಸಾಕು. ನಾಲ್ಕು ಹಾಳೆಗಳನ್ನು ಒಟ್ಟಿಗೆ ಮಡಚಿದರೆ ಎಂಟು ಎಲೆಗಳ ಒಂದು ಮಡಿಕೆ. ದಬ್ಬಣದಿಂದ ಮೂರು ತೂತು ಮಾಡಿ, ಮೇಣ ಸವರಿದ ದಾರದಿಂದ ಹೊಲಿಯಬೇಕು. ನಿರಿಗೆಯ ಬಟ್ಟೆಯ ಅಂಚುಗಳನ್ನು ಮಾತ್ರ ರಟ್ಟಿನ ಒಳಮಗ್ಗುಲಿಗೆ ಅಂಟಿಸಬೇಕು. ಮುಖಕ್ಕೆ ಅಂಟು ತಗುಲಿದರೆ ನಿರಿಗೆ ಚಪ್ಪಟೆಯಾಗುವುದು.

ಪುಸ್ತಕ ಸಿದ್ಧವಾಯಿತು, ಬರೆಯುವುದೇನು? ಅಜ್ಜಿಯ ಬಾಯಲ್ಲಿರುವುದನ್ನೇ. ಬೀಸುವ ಕಲ್ಲಿನ ಭಾಗಗಳ ಹೆಸರು, ಬಿತ್ತನೆಯ ಮಳೆಗಳ ಹೆಸರು, ಶೇಂಗಾ ಚಟ್ನಿ ಕುಟ್ಟುವ ಬಗೆ. ಅಜ್ಜಿ ಹೇಳುವುದು, ತಾಯಿ ಅಕ್ಷರ ತೋರಿಸುವುದು, ಮಗು ಬರೆಯುವುದು. ತಡವಾಯಿತೆಂದು ಅಳುಕಬೇಕಾಗಿಲ್ಲ. ಸೊಲ್ಲಾಪುರದಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರ ಶಾಲೆ ಮರಾಠಿಯಲ್ಲಿ ನಡೆಯಿತು. ಕನ್ನಡವನ್ನು ಅವರು ಅನಂತರ ಕಲಿತರು. ಅವರೇ ಸಿದ್ಧರಾಮೇಶ್ವರ ಪುರಾಣವನ್ನು ರಚಿಸಿ, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪ್ರಥಮ ಮಹಿಳಾ ಅಧ್ಯಕ್ಷರಾದರು.

ಯುಗಾದಿಗೆ ಆ ಹುಡುಗಿ ಮತ್ತೆ ಬಂದಳು. ಹಳದಿ ಹೊದಿಕೆಯ ಹೊತ್ತಿಗೆಯಲ್ಲಿ ಹನ್ನೊಂದು ಪುಟ ತುಂಬಿದ್ದವು. ಒತ್ತಕ್ಷರಗಳು ತಪ್ಪಿದ್ದವು, ದೀರ್ಘಗಳು ಎಲ್ಲೆಲ್ಲೋ ಕುಳಿತಿದ್ದವು. ನನ್ನ ಕಿಸೆಯಲ್ಲಿದ್ದ ಕೆಂಪು ಪೆನ್ನನ್ನು ನಾನು ಹೊರತೆಗೆಯಲಿಲ್ಲ. ಅವಳು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಅಜ್ಜಿ ಹೊದಿಕೆಯ ಮೇಲೆ ಕೈಯಾಡಿಸುತ್ತ ಕೇಳುತ್ತಿದ್ದರು. ನಡುವೆ ಒಮ್ಮೆ, “ಅದು ಹಾಂಗಲ್ಲ, ಹಿಂಗ ಬರಿ” ಎಂದು ತಿದ್ದಿದರು.

ಓದುಗ ಬಂಧುಗಳೇ, ಬರುವ ಸೂಟಿಯಲ್ಲಿ ನಿಮ್ಮ ಮನೆಯ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿರಿ. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.