ಜಲಪಾದುಕೆಯ ವಿಮಾನ

ಕೆರೆಯಲ್ಲಿ ಈಜುತ್ತಿರುವ ನೀರುಕಾಗೆಯು ಹಾರಲೆಳಸಿದಾಗ ನಡೆಯುವ ಚೋದ್ಯವನ್ನು ವಾಚಕರು ನೋಡಿರಬಹುದು. ಅದು ಇದ್ದಲ್ಲಿಂದಲೇ ಮೇಲಕ್ಕೆ ನೆಗೆಯಲಾರದು. ರೆಕ್ಕೆಗಳನ್ನು ಬಡಿಯುತ್ತ, ಕಾಲುಗಳಿಂದ ನೀರನ್ನೊದೆಯುತ್ತ ತುಸು ದೂರ ಓಡಿ, ಬಳಿಕ ಗಗನವನ್ನೇರುವುದು. ನೀರು ತನ್ನನ್ನು ಮುಟ್ಟಿದುದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ಪಾಠವನ್ನು ಅರುವತ್ತನೆಯ ವಯಸ್ಸಿನಲ್ಲಿ ನನಗೆ ಕಲಿಸಿದುದು ಒಂದು ಆಟದ ವಿಮಾನ.

ಮನುಷ್ಯನು ಮೊದಲ ಬಾರಿಗೆ ನೀರಿನಿಂದ ವಿಮಾನವನ್ನೆಬ್ಬಿಸಿದುದು 1910ನೆಯ ಇಸವಿ ಮಾರ್ಚಿ 28ರಂದು. ಫ್ರಾನ್ಸ್ ದೇಶದ ಆನ್ರಿ ಫಾಬ್ರ್ ಎಂಬಾತನು ಮಾರ್ಸೇಲ್ ನಗರಕ್ಕೆ ಸಮೀಪದ ಬೆರ್ ಸರೋವರದಲ್ಲಿ, ಮೂರು ತೇಲುಗಳನ್ನು ಕಟ್ಟಿದ ತನ್ನ ಯಂತ್ರದಿಂದ ಈ ಸಾಹಸವನ್ನು ಮಾಡಿದನು. ಅದಕ್ಕೆ ಮೊದಲು ಆತನು ವಿಮಾನ ನಡೆಸಿದವನೇ ಅಲ್ಲ!

ನನ್ನ ಮೊಮ್ಮಗನು ಒಂಬತ್ತನೆಯ ತರಗತಿಯ ಹುಡುಗ. ಎರಡು ವರ್ಷ ಕೂಡಿಟ್ಟ ಹಣದಿಂದ ರೇಡಿಯೋ ನಿಯಂತ್ರಣದ ಮಾದರಿ ವಿಮಾನವೊಂದನ್ನು ಕೊಂಡನು. ರೆಕ್ಕೆಯ ಹರವು 150 ಸೆಂಟಿಮೀಟರು. ಒಡಲಿನ ಉದ್ದ ಒಂದು ಮೀಟರು. ತೂಕ ಒಂದೂವರೆ ಕಿಲೋಗ್ರಾಮು. ಇದರ ಚಕ್ರಗಳನ್ನು ತೆಗೆದು ತೇಲುಗಳನ್ನು ಕೂಡಿಸಬೇಕೆಂಬುದು ಅವನ ಹಂಬಲ. ಈ ತೇಲುಗಳಿಗೆ ನಾನು ಜಲಪಾದುಕೆಗಳೆಂದು ಹೆಸರಿಟ್ಟೆನು.

ಪಾದುಕೆಯ ಅಳತೆಗೆ ಅರ್ಕಿಮಿಡೀಸನ ಸೂತ್ರವೇ ಆಧಾರ. ಒಂದು ಲೀಟರು ನೀರನ್ನು ಪಕ್ಕಕ್ಕೆ ಸರಿಸುವ ವಸ್ತುವು ಒಂದು ಕಿಲೋಗ್ರಾಮು ಭಾರವನ್ನು ಹೊರಬಲ್ಲದು. ಆದರೆ ಭಾರಕ್ಕೆ ಸರಿಯಾಗಿ ಮಾತ್ರ ತೇಲಿದರೆ ಸಾಲದು, ಅಲೆಯೆದ್ದಾಗಲೂ ಮುಳುಗಬಾರದು. ಆದುದರಿಂದ ಎರಡೂ ಪಾದುಕೆಗಳು ಕೂಡಿ ತೂಕದ ಇಮ್ಮಡಿಯಷ್ಟನ್ನು ಹೊರುವಂತಿರಬೇಕು. ನಾವು ಥರ್ಮೋಕೋಲಿನಿಂದ ಕೊರೆದವುಗಳು 75 ಸೆಂಟಿಮೀಟರು ಉದ್ದ, 7 ಸೆಂಟಿಮೀಟರು ಅಗಲ, 5 ಸೆಂಟಿಮೀಟರು ಎತ್ತರ. ಎರಡರ ನಡುವಣ ಅಂತರವು ರೆಕ್ಕೆಯ ಹರವಿನ ಕಾಲುಭಾಗ. ಮೂತಿಯು ಪ್ರೊಪೆಲರಿಗಿಂತ ಒಂದಿಷ್ಟು ಮುಂದೆ ಚಾಚಿರಬೇಕು. ಇಲ್ಲವಾದರೆ ವಿಮಾನವು ಮುಗ್ಗರಿಸುವುದು.

ಪಾದುಕೆಯ ತಳದ ನಡುವೆ ಒಂದು ಮೆಟ್ಟಿಲನ್ನು ಕೊರೆಯುವರು. ಇದೇ ಇದರ ಮರ್ಮ. ನುಣುಪಾದ ತಳಕ್ಕೆ ನೀರು ಅಂಟಿಕೊಂಡು ಹಿಂದಕ್ಕೆಳೆಯುವುದು. ಮೆಟ್ಟಿಲಿನ ಅಂಚಿನಲ್ಲಿ ನೀರು ತಳವನ್ನು ಬಿಟ್ಟು, ಅಲ್ಲಿಗೆ ಗಾಳಿಯು ನುಗ್ಗಲು, ಎಳೆತವು ಕಡಿಮೆಯಾಗಿ ವಿಮಾನವು ನೀರಿನ ಮೇಲೆ ಜಾರತೊಡಗುವುದು. ಈ ಮೆಟ್ಟಿಲು ವಿಮಾನದ ಗುರುತ್ವಕೇಂದ್ರಕ್ಕಿಂತ ಸುಮಾರು ಒಂದು ಸೆಂಟಿಮೀಟರಿನಷ್ಟೇ ಹಿಂದಿರಬೇಕು. ಬಹಳ ಹಿಂದಾದರೆ ಮೂತಿಯು ಮೇಲೇಳದು. ಮುಂದಾದರೆ ವಿಮಾನವು ಕುಪ್ಪಳಿಸುವುದು.

ಗುರುತ್ವಕೇಂದ್ರವನ್ನು ಗುರುತಿಸುವ ದಿನ ಹುಡುಗನು, “ತಾತ, ಬ್ಯಾಟರಿಯನ್ನು ಒಳಗಿಟ್ಟು ಅಳೆಯೋಣವೇ?” ಎಂದು ಕೇಳಿದನು. “ಅದು ಆಮೇಲೆ. ಮೊದಲು ಗುರುತು ಹಾಕು,” ಎಂದು ಗದರಿದೆನು. ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆಗಳನ್ನು ಮುಂದೂಡಿದ ನಾಲಗೆ ನನ್ನದು. ಅವನು ಮಾತಾಡದೆ ಗುರುತು ಹಾಕಿದನು.

ಕೆರೆಯಲ್ಲಿ ವಿಮಾನವು ಬಹುದೂರ ಓಡಿತು, ಏಳಲಿಲ್ಲ. ಮೂತಿಯು ನೀರನ್ನು ಉಳುತ್ತಲೇ ಹೋಗಿ, ಕೊನೆಗೆ ತಲೆಕೆಳಗಾಯಿತು. ದಡಕ್ಕೆ ತಂದು ನೋಡಲು, ರೇಡಿಯೋ ಸಂಕೇತವನ್ನು ಗ್ರಹಿಸುವ ಪೆಟ್ಟಿಗೆಯು ಕೆಟ್ಟುಹೋಗಿತ್ತು. “ನನ್ನ ಕೈಗೆ ಇದು ಬರುವುದಿಲ್ಲ, ತಾತ. ಯಾರಿಗಾದರೂ ಕೊಟ್ಟುಬಿಡುತ್ತೇನೆ,” ಎಂದನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಎದ್ದು ಬ್ಯಾಟರಿಯನ್ನು ಮೂತಿಯೊಳಗಿರಿಸಿ, ರೆಕ್ಕೆಯ ಕೆಳಗೆ ಎರಡು ಬೆರಳುಗಳನ್ನು ಕೊಟ್ಟು ತೂಗಿದೆನು. ಗುರುತ್ವಕೇಂದ್ರವು ನಾಲ್ಕು ಬೆರಳು ಮುಂದಕ್ಕೆ ಸರಿದಿತ್ತು! ಹುಡುಗನ ಪ್ರಶ್ನೆಯೇ ಸರಿ. ನನ್ನ ಗದರಿಕೆಯೇ ತಪ್ಪು. ಬೆಳಗ್ಗೆ ಮನೆಯವರೆಲ್ಲರೂ ಕಾಫಿ ಕುಡಿಯುತ್ತಿರುವಾಗ ಇದನ್ನು ಹೇಳಿದೆನು. ಅವನು ತಲೆ ತಗ್ಗಿಸಿ ಕೇಳಿದನು. ಸ್ವಲ್ಪ ಹೊತ್ತಿನ ಮೇಲೆ ಅಳತೆಪಟ್ಟಿಯನ್ನು ತಾನೇ ತಂದನು.

ಈ ಸಲ ಪಾದುಕೆಗಳನ್ನು ಮುಂದಕ್ಕೆ ಸರಿಸಿದೆವು. ರೆಕ್ಕೆಯ ಮುಂಬದಿಯು ಪಾದುಕೆಯ ಮೇಲ್ಮೈಗಿಂತ ಎರಡು ಡಿಗ್ರಿಯಷ್ಟು ಎತ್ತಿರುವಂತೆ ತಂತಿಗಳನ್ನು ಬಿಗಿದೆವು. ಪಾದುಕೆಯ ಮುಂಭಾಗವು ಪಕ್ಕದ ಗಾಳಿಗೆ ಮೈಯೊಡ್ಡಿ ವಿಮಾನವನ್ನು ಅಡ್ಡ ತಿರುಗಿಸುವುದುಂಟು. ಇದನ್ನು ತಡೆಯಲು ಬಾಲದ ಕೆಳಗೆ ಚಿಕ್ಕ ರೆಕ್ಕೆಯೊಂದನ್ನು ಅಂಟಿಸಿದೆವು. ಹೊಸ ಗ್ರಾಹಕ ಪೆಟ್ಟಿಗೆಗೆ ಪಿಂಚಣಿಯ ಹಣವಾಯಿತು. ಅದು ನಾನು ತೆರಬೇಕಾದ ದಂಡವೇ.

ಮನೆಯ ಹಿರಿಯರಿಗೆ ಎರಡು ಮಾತು. ಕೆರೆಯ ನಡುವೆ ವಿಮಾನವು ನಿಂತುಹೋದರೆ ಮಕ್ಕಳನ್ನು ನೀರಿಗಿಳಿಯಗೊಡಬೇಡಿರಿ. ದೋಣಿಯ ಏರ್ಪಾಟು ಮೊದಲೇ ಇರಲಿ. ನೀರಿನಲ್ಲಿ ನೆನೆದ ಲಿಥಿಯಂ ಬ್ಯಾಟರಿಗೆ ಮತ್ತೆ ವಿದ್ಯುತ್ತನ್ನು ತುಂಬಬೇಡಿರಿ, ಬೆಂಕಿಯ ಭಯವುಂಟು.

ಎರಡನೆಯ ಬಾರಿ ಹೋದಾಗ ನೀರಿನ ಮೇಲೆ ಕಿರುತೆರೆಗಳಿದ್ದವು. ಕನ್ನಡಿಯಂಥ ನೀರಿಗಿಂತ ಇದೇ ಮೇಲು. ತೆರೆಗಳು ನೀರಿನ ಹಿಡಿತವನ್ನು ಸಡಿಲಿಸುವುವು. ವಿಮಾನವು ಗಾಳಿಗೆದುರಾಗಿ ಓಡಿತು, ಮೂತಿಯೆತ್ತಿತು, ಮೆಟ್ಟಿಲಿನ ಮೇಲೆ ಜಾರಿತು. ಪಾದುಕೆಗಳಿಂದ ಹನಿಗಳು ಉದುರುತ್ತಿರಲು ಅರಳಿಯ ಮರದ ಮೇಲೆ ಹಾದುಹೋಯಿತು. ಹುಡುಗನು ಕಣ್ಣನ್ನು ಆಕಾಶದಿಂದ ತೆಗೆಯದೆ, “ತಾತ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ನೋಡಿ ಹೇಳಿ,” ಎಂದನು. ನಾನು ಕರವಸ್ತ್ರವನ್ನು ಎತ್ತಿ ಹಿಡಿದು, ನೋಡಿ ಹೇಳಿದೆನು.